ನಿಯಾನ್ ಗೋಬಿ

ನಿಯಾನ್ ಗೋಬಿ (ವೈಜ್ಞಾನಿಕ ಹೆಸರು: ಎಲಕಟೈನಸ್ ಓಷನಾಪ್ಸ್) ಗೋಬಿಯಿಡೀ ಕುಟುಂಬಕ್ಕೆ ಸೇರಿದ, ಹವಳದ ದಿಬ್ಬಗಳಲ್ಲಿ ವಾಸಿಸುವ ಪುಟ್ಟ ಸಮುದ್ರ ಮೀನು. ಪೂರ್ಣವಾಗಿ ಬೆಳೆದಾಗ ಇದರ ಉದ್ದ ಸುಮಾರು 5 ಸೆಂ.ಮೀ. ಇತರ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿನ್ನುವುದರಿಂದ ಇದನ್ನು ಶುಚಿಕಾರ ಮೀನುಗಳ ಗುಂಪಿನಲ್ಲಿ ಎಣಿಸಲಾಗುತ್ತದೆ. ಹೆಸರಿನಲ್ಲಿರುವ 'ಗೋಬಿ' ಲ್ಯಾಟಿನ್ನಿನ ಗೋಬಿಯಸ್ ಪದದಿಂದ ಬಂದದ್ದು. ನಾವು ಬಲ್ಲ ಹೂಕೋಸಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಅಮೆರಿಕದ ಮತ್ಸ್ಯವಿಜ್ಞಾನಿ ಡೇವಿಡ್ ಸ್ಟಾರ್ ಜೋರ್ಡನ್ 1904ರಲ್ಲಿ ಈ ಪ್ರಭೇದವನ್ನು ಮೊದಲು ವಿವರಿಸಿದರು. ಫ್ಲಾರಿಡಾದ ದಕ್ಷಿಣ ಭಾಗ, ಮೆಕ್ಸಿಕೊ ಕೊಲ್ಲಿ ಹಾಗೂ ಬೆಲೀಜ್ ತೀರದ ಹವಳದ ದಿಬ್ಬಗಳು ಇದರ ನೆಲೆ.

ಗುರುತಿಸುವ ಬಗೆ

ಕಪ್ಪು ಮೈಯ ಎರಡೂ ಪಕ್ಕಗಳಲ್ಲಿ ಕಣ್ಣಿನ ಮುಂಭಾಗದಿಂದ ಬಾಲದವರೆಗೆ ಹರಿಯುವ ಹೊಳೆಯುವ ನೀಲಿ ಪಟ್ಟೆ ಇದರ ಎದ್ದು ಕಾಣುವ ಲಕ್ಷಣ. ಹೊಟ್ಟೆಯ ಭಾಗ ಬಿಳುಪು. ಆದರೆ ಪಟ್ಟೆಯೊಂದನ್ನೇ ನಂಬಿದರೆ ತಪ್ಪುವ ಸಂಭವವೇ ಹೆಚ್ಚು. ಪರಸ್ಪರ ಸಂಬಂಧವಿಲ್ಲದ, ಬೇರೆ ಬೇರೆ ಸಾಗರಗಳ ಶುಚಿಕಾರ ಮೀನುಗಳಲ್ಲಿಯೂ ಇಂತಹುದೇ ಪಟ್ಟೆ ಕಂಡುಬರುತ್ತದೆ.

ಆದ್ದರಿಂದ ಮೊದಲು ಮೂತಿಯನ್ನು ನೋಡಬೇಕು. ನಿಯಾನ್ ಗೋಬಿಯ ಎರಡು ಪಟ್ಟೆಗಳು ಮೂತಿಯ ಮೇಲೆ ಒಂದನ್ನೊಂದು ಕೂಡುವುದಿಲ್ಲ. ಕೆರಿಬಿಯನ್ ಸಮುದ್ರದ ಅದರ ಹತ್ತಿರದ ಬಂಧು ಎಲಕಟೈನಸ್ ಎವೆಲಿನೀಯಲ್ಲಿ ಅವು ಕೂಡಿ, ಆಂಗ್ಲದ 'ವಿ' ಅಕ್ಷರದ ಆಕಾರ ತಾಳುತ್ತವೆ. ಅದರ ಬಾಯಿಯೂ ಶಾರ್ಕ್‌ನದರಂತೆ ಮೂತಿಯ ಕೆಳಗಿರುತ್ತದೆ.

ಲಕ್ಷದ್ವೀಪದ ಹವಳಗಳ ನಡುವೆ ಕಾಣುವ ನೀಲಿ ಛಾಯೆಯ ಶುಚಿಕಾರ ಮೀನನ್ನು ನಿಯಾನ್ ಗೋಬಿ ಎಂದು ಭಾವಿಸಬಾರದು. ಅದು ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್ ಎಂಬ ರ್‍ಯಾಸ್ ಮೀನು. ಅದರಲ್ಲಿ ಕಪ್ಪೇ ಪಟ್ಟೆಯಾಗಿದ್ದು, ಬಾಲದ ಕಡೆಗೆ ಅಗಲವಾಗುತ್ತ ಹೋಗುತ್ತದೆ. ಬೆನ್ನಿನ ಉದ್ದಕ್ಕೂ ಒಂದೇ ಈಜುರೆಕ್ಕೆ ಇರುತ್ತದೆ. ಗೋಬಿಗೆ ಬೆನ್ನಿನ ಮೇಲೆ ಎರಡು ಪ್ರತ್ಯೇಕ ಈಜುರೆಕ್ಕೆಗಳಿವೆ. ಹೊಟ್ಟೆಯಡಿಯ ಜೋಡಿ ಈಜುರೆಕ್ಕೆಗಳು ಒಂದಾಗಿ ಬಟ್ಟಲಿನಂತಾಗಿರುವುದರಿಂದ ಅದು ಹವಳಕ್ಕೆ ಅಂಟಿಕೊಂಡು ಕುಳಿತಿರುತ್ತದೆ. ರ್‍ಯಾಸ್ ಹಗಲೆಲ್ಲ ಈಜಾಡುತ್ತಲೇ ಇರುವುದು. ನೀರಿನೊಳಗೆ ದೂರದಿಂದ ಗುರುತಿಸಲು ಈ ವ್ಯತ್ಯಾಸವೇ ಹೆಚ್ಚು ಉಪಯುಕ್ತ.

ಹೀಗೆ ಮೋಸಹೋಗುವವರು ಮನುಷ್ಯರಷ್ಟೇ ಅಲ್ಲ. ಆಸ್ಪಿಡಾಂಟಸ್ ಟೀನಿಯೇಟಸ್ ಎಂಬ ಬ್ಲೆನಿ ಮೀನು ಆ ರ್‍ಯಾಸ್‌ನ ರೂಪವನ್ನೇ ಧರಿಸಿ, ನಂಬಿ ಬಂದ ಮೀನಿನ ಈಜುರೆಕ್ಕೆಯನ್ನು ಕಚ್ಚಿ ತಿನ್ನುವುದುಂಟು.

ಜೀವನಕ್ರಮ

ನಿಯಾನ್ ಗೋಬಿಗಳು ಹವಳದ ಮೇಲೆ ಒಂದು ನಿಶ್ಚಿತ ಸ್ಥಳದಲ್ಲಿ ನೆಲೆಸುತ್ತವೆ. ಗಿರಾಕಿ ಮೀನುಗಳೇ ಅಲ್ಲಿಗೆ ಬರುತ್ತವೆ. ಚಿಕ್ಕ ಮೀನುಗಳನ್ನು ನುಂಗಬಲ್ಲ ಗ್ರೂಪರ್ ಸಹ ಬಾಯಿ ತೆರೆದು ನಿಲ್ಲುತ್ತದೆ, ಗೋಬಿ ಒಳಹೊಕ್ಕು ಹೊರಬರುತ್ತದೆ. ಮೊಟ್ಟೆಗಳನ್ನು ಬಿಲದಲ್ಲಿಯೋ ಖಾಲಿ ಚಿಪ್ಪಿನಲ್ಲಿಯೋ ಇಡಲಾಗುತ್ತದೆ. ಅವುಗಳ ಕಾವಲು ಗಂಡಿನದು. ತೊಟ್ಟಿಯಲ್ಲಿಯೂ ಮರಿಮಾಡುವುದರಿಂದ, ವಾಣಿಜ್ಯೋದ್ದೇಶಕ್ಕಾಗಿ ಸಾಕಿ ಬೆಳೆಸಲಾದ ಮೊದಮೊದಲ ಸಮುದ್ರ ಅಲಂಕಾರ ಮೀನುಗಳಲ್ಲಿ ಇದೂ ಒಂದು.