ಗಾಂಧಿನಗರದ ಬುದ್ಧವಿಹಾರ

ನಾವು ಈ ಶಾಲೆಯಲ್ಲಿ ಓದುವಾಗ ಸಮಾಜ ವಿಜ್ಞಾನದ ಪರೀಕ್ಷೆಗೆ ‘ಭಾರತದಲ್ಲಿ ಬೌದ್ಧಧರ್ಮದ ಅವನತಿಗೆ ಕಾರಣಗಳೇನು?’ ಎಂಬ ಪ್ರಶ್ನೆ ತಪ್ಪದೆ ಬರುತ್ತಿತ್ತು. ಕಾರಣಗಳನ್ನು ಬಾಯಿಪಾಠ ಮಾಡಿ ಅಂಕ ಪಡೆದವರಲ್ಲಿ ನಾನೂ ಒಬ್ಬ. ಆ ಉತ್ತರದಲ್ಲಿ ಅರ್ಧ ಕಥೆ ಮಾತ್ರ ಇತ್ತೆಂದು ತಿಳಿದದ್ದು ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ.

ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿ ಮಹಾಬೋಧಿ ಸೊಸೈಟಿಯ ವಿಹಾರವಿದೆ. ಲಾಡ್ಜು, ಅಂಗಡಿ, ಹೋಟೆಲುಗಳ ಗದ್ದಲದ ನಡುವೆ ಬೋಧಿವೃಕ್ಷ, ಧ್ಯಾನಮಂದಿರ, ಭಿಕ್ಷುಗಳ ವಸತಿ ಇವೆ.

ಇದನ್ನು ಸ್ಥಾಪಿಸಿದವರು ಆಚಾರ್ಯ ಬುದ್ಧರಕ್ಖಿತರು. 1922ರಲ್ಲಿ ಇಂಫಾಲದಲ್ಲಿ ಜನಿಸಿದ ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದು, ಆನಂತರ ಭಿಕ್ಷುವಾದರು. ಸೊಸೈಟಿ ಆರಂಭವಾದದ್ದು 1956ರಲ್ಲಿ. ಬುದ್ಧನ 2500ನೇ ಜಯಂತಿಯನ್ನು ದೇಶ ಆಚರಿಸಿದ್ದು, ನಾಗಪುರದಲ್ಲಿ ಡಾ. ಅಂಬೇಡ್ಕರ್ ಬೌದ್ಧಧರ್ಮ ಸ್ವೀಕರಿಸಿದ್ದು, ನಮ್ಮ ರಾಜ್ಯ ಏಕೀಕರಣವಾದದ್ದು ಅದೇ ವರ್ಷ. 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಸಂಸ್ಥೆಯನ್ನು ಬೆಳೆಸಿದರು.

ಆದರೆ ಕನ್ನಡ ನಾಡಿನ ಪೇಟೆಯಲ್ಲಿ ವಿಹಾರವಿರುವುದು ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1065ರಲ್ಲಿ ಬೌದ್ಧವಿಹಾರ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಗದಗ ಬಳಿಯ ಡಂಬಳದ 1095ರ ಶಾಸನದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರದ ಉಲ್ಲೇಖವಿದೆ. ವಿಹಾರಗಳಿಗೆ ಆಸರೆಯಾದವರು ರಾಜರಷ್ಟೇ ಅಲ್ಲ, ವ್ಯಾಪಾರಿಗಳೂ ಹೌದು. ಶತಮಾನಗಳ ನಂತರ, 20ನೇ ಶತಮಾನದ ಆರಂಭದಲ್ಲಿ, ಪಂಡಿತ ಅಯೋತಿದಾಸರ ಪ್ರೇರಣೆಯಿಂದ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಮತ್ತೆ ಬೌದ್ಧ ಸಂಘ ತಲೆಯೆತ್ತಿತು. ಜಾತಿಯ ಅವಮಾನ ಉಂಡವರಿಗೆ ಅದು ಮರಳಿ ಪಡೆದ ಮರ್ಯಾದೆಯಾಗಿತ್ತು.

ಗಾಂಧಿನಗರದ ವಿಹಾರ ಪೂಜೆಗಷ್ಟೇ ಸೀಮಿತವಾಗಲಿಲ್ಲ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳ ಚಿಕಿತ್ಸಾ ಕೇಂದ್ರಕ್ಕೆ ನೆರವಾಯಿತು. ಪಾಲಿ ತಿಪಿಟಕದ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸ ಕೈಗೊಂಡಿತು. ಈಶಾನ್ಯ ರಾಜ್ಯಗಳ, ಲಡಾಖಿನ ಹುಡುಗರು ಇಲ್ಲಿ ಕಲಿತರು. ಇಲ್ಲಿ ತರಬೇತಿ ಪಡೆದ ಭಿಕ್ಷು ಸಂಘಸೇನರು 1986ರಲ್ಲಿ ಲೇಹ್‌ನಲ್ಲಿ ಧ್ಯಾನಕೇಂದ್ರ ಸ್ಥಾಪಿಸಿದರು. ಉತ್ತರದಿಂದ ದಕ್ಷಿಣಕ್ಕೆ ಬಂದ ಧರ್ಮವೆಂದು ನಾವು ಓದಿದ್ದೆವು; ಇಲ್ಲಿ ಅದು ಬೆಂಗಳೂರಿನಿಂದ ಹಿಮಾಲಯಕ್ಕೆ ಹೋಗಿದೆ.

ಒಂದು ಧರ್ಮ ‘ಅಳಿಯಿತು’ ಎಂದು ಬರೆಯುವುದು ಸುಲಭ. ಹಾಗೆ ಬರೆದಾಗ ಅದನ್ನು ಇಂದೂ ಪಾಲಿಸುವವರು, ಅದರಲ್ಲಿ ಘನತೆ ಕಂಡುಕೊಂಡವರು ನಮ್ಮ ಕಣ್ಣಿಂದ ಮರೆಯಾಗುತ್ತಾರೆ. ಶಾಲೆಯ ಮುಂದಿನ ಐವತ್ತು ವರ್ಷಗಳ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಅವನತಿಯ ಕಾರಣಗಳನ್ನು ಖಂಡಿತ ಬರೆಯಿರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿ, ಅದು ಮತ್ತೆ ಎಲ್ಲಿ, ಯಾರಿಂದ ಚಿಗುರಿತೆಂದು.