ಯಾರು ದೊಡ್ಡಾಂವ? ನಮ್ಮ ರಣಜಿ ತಂಡದ ಒಂದು ಹಳೇ ಜಗಳ

ಕರ್ನಾಟಕ ರಣಜಿ ತಂಡದಲ್ಲಿ ಇಲ್ಲಿಯವರೆಗೆ ಆಡಿದವರಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ಈ ಪ್ರಶ್ನೆ ಕೇಳಿದರೆ ಕಲಬುರಗಿಯಲ್ಲಿ ಚಹಾ ತಣ್ಣಗಾಗುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ. ಎನ್.ವಿ. ಮೈದಾನದ ಕಟ್ಟೆ ಮೇಲೆ ಕೂತವರನ್ನು ಕೇಳಿ, ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತಾ ನಿಂತವರನ್ನು ಕೇಳಿ... ಹುಡುಗರು ಹಿಂದೆ ಮುಂದೆ ನೋಡದೆ ದ್ರಾವಿಡ್ ಅಂತಾರೆ. ನಲವತ್ತು ದಾಟಿದವರು ಕುಂಬ್ಳೆ. ಅರವತ್ತು ದಾಟಿದವರು ಒಂದು ಗಳಿಗೆ ಸುಮ್ಮನಿದ್ದು, "ವಿಶಿ" ಅಂತಾರೆ. ಅಷ್ಟಕ್ಕೇ ಮಾತು ಮುಗಿದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ನನ್ನದೊಂದು ಕರಾರು ಇದೆ. ಇದು ಭಾರತ ತಂಡದ ಲೆಕ್ಕ ಅಲ್ಲ. ಭಾರತದ ಲೆಕ್ಕ ಹಿಡಿದರೆ 164 ಟೆಸ್ಟ್, 13,288 ರನ್ನುಗಳ ದ್ರಾವಿಡ್, ಇಲ್ಲಾ 619 ವಿಕೆಟ್ಟುಗಳ ಕುಂಬ್ಳೆ. ದಿಲ್ಲಿಯಲ್ಲಿ 1999ರ ಫೆಬ್ರವರಿ 7ರಂದು ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ಒಬ್ಬನೇ ತೆಗೆದವನ ಮುಂದೆ ಇನ್ನೇನು ವಾದ? ಆದರೆ ಇವರಿಬ್ಬರೂ ಹೆಚ್ಚು ಕಾಲ ದೇಶದ ಕೆಲಸದಲ್ಲಿದ್ದವರು. ರಾಜ್ಯಕ್ಕೆ ಸಿಕ್ಕಾಗ ಚೆನ್ನಾಗಿಯೇ ಆಡಿದರು. 1995-96ರಲ್ಲಿ ಕುಂಬ್ಳೆ, 1997-98ರಲ್ಲಿ ದ್ರಾವಿಡ್ ನಾಯಕರಾಗಿ ರಣಜಿ ಕಪ್ ತಂದರು. ಆದರೂ ಸಿಕ್ಕಿದ್ದೇ ಅಪರೂಪ. ಹಾಗಾಗಿ ನಾನು ಇವರಿಬ್ಬರನ್ನು ಗೌರವದಿಂದ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತೇನೆ. ಬೇಜಾರಾದವರು ಬಯ್ದುಕೊಳ್ಳಿ :)

ಕಮಲಾಪುರದಲ್ಲಿ ನನ್ನ ಕಾಕಾ ಇದ್ದಾರೆ. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದರೆ ಸಿಗುವ ಊರು, ಕೆಂಪು ಬಾಳೆಗೆ ಹೆಸರಾದದ್ದು. ಒಂದು ಸಲ ಇದೇ ಪ್ರಶ್ನೆಯನ್ನು ಅವರ ಮುಂದೆ ಇಟ್ಟೆ. ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಕಾಕಾ ತಲೆ ಎತ್ತದೆ ಅಂದರು:

"ಯಾವ ಟೀಮಿಂದು ಕೇಳ್ಲಿಕತ್ತಿ ತಮ್ಮಾ?"

"ನಮ್ಮ ಟೀಮಿಂದು ಕಾಕಾ."

"ನಮ್ಮ ಟೀಮ್ ಅಂದ್ರ ಜಯಸಿಂಹ."

"ಅಂವ ಹೈದರಾಬಾದಿನಾಂವ ಅಲ್ಲೇನ್ರಿ?"

"ಮತ್ತ? ನಾವೆಲ್ಲಿಯವ್ರು?"

ಬೆಂಗಳೂರಿನ ಓದುಗರಿಗೆ ಇದು ತಮಾಷೆ ಅನ್ನಿಸಬಹುದು. ನಮ್ಮ ಕಡೆ ಇದು ತಮಾಷೆಯಲ್ಲ, ಇತಿಹಾಸ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದೊಡ್ಡಾಂವ ಯಾರು ಅನ್ನೋದಕ್ಕಿಂತ ಮುಂಚೆ ತಂಡ ಯಾರದು ಅನ್ನೋದು ತೀರ್ಮಾನ ಆಗಬೇಕು.

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್‌ನಲ್ಲಿ, ಮದರಾಸಿನ ಚೆಪಾಕ್‌ನಲ್ಲಿ. ಆಡಿದ್ದು ಮದರಾಸು ಮತ್ತು ಮೈಸೂರು. ಮೈಸೂರಿನವರು 48 ಮತ್ತು 59ಕ್ಕೆ ಆಲೌಟಾಗಿ ಒಂದೇ ದಿನದಲ್ಲಿ ಪಂದ್ಯ ಮುಗಿಸಿ ಎದ್ದರು. ಮದರಾಸಿನ ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ತೆಗೆದರು. ಇವತ್ತು ನಾವು ಕರ್ನಾಟಕ ತಂಡ ಅನ್ನೋದರ ಹುಟ್ಟು ಇದು. ಆಗ ಗುಲ್ಬರ್ಗಾ ಇದ್ದದ್ದು ನಿಜಾಮರ ರಾಜ್ಯದಲ್ಲಿ. ಮೂರು ವರ್ಷದ ನಂತರ, 1937-38ರಲ್ಲಿ, ಹೈದರಾಬಾದ್ ತಂಡ ಫೈನಲ್ಲಿನಲ್ಲಿ ನವಾನಗರವನ್ನು ಒಂದೇ ಒಂದು ವಿಕೆಟ್ಟಿನಿಂದ ಸೋಲಿಸಿ ರಣಜಿ ಗೆದ್ದಿತು. ಐಬಾರಾ 137 ರನ್ ಹೊಡೆದು ಔಟಾಗದೆ ಉಳಿದು ಗೆಲ್ಲಿಸಿದರು. ಅಂದರೆ ಕಲಬುರಗಿ ಅಂದು ಇದ್ದ ರಾಜ್ಯಕ್ಕೆ ರಣಜಿ ಕಪ್ ಬಂದದ್ದು ಮೈಸೂರಿನವರಿಗಿಂತ 36 ವರ್ಷ ಮೊದಲು! ಕಾಕಾ ಈ ಮಾತನ್ನು ಪ್ರತಿ ಸಲ ಹೇಳುತ್ತಾರೆ.

ಮೈಸೂರಿನವರು ಆ ಕಾಲದಲ್ಲಿ ಪಟ್ಟ ಪಾಡು ಕಡಿಮೆಯದಲ್ಲ. 1941-42ರಲ್ಲಿ ಫೈನಲ್ ತನಕ ಹೋಗಿ ಬಾಂಬೆಗೆ ಸೋತರು. 1945-46ರ ಸೆಮಿಫೈನಲ್ಲಿನಲ್ಲಿ ಇಂದೋರಿನಲ್ಲಿ ಹೋಳ್ಕರ್ ತಂಡ ಇವರ ಮೇಲೆ 8 ವಿಕೆಟ್ಟಿಗೆ 912 ಹೊಡೆಯಿತು, ಒಂದೇ ಇನಿಂಗ್ಸಿನಲ್ಲಿ ಆರು ಶತಕ. ಲೆಗ್ ಸ್ಪಿನ್ನರ್ ಗರುಡಾಚಾರ್ 301 ರನ್ ಕೊಟ್ಟು 4 ವಿಕೆಟ್ ತೆಗೆದರು. ಮುನ್ನೂರು ರನ್ ಹೊಡೆಸಿಕೊಂಡೂ ಚೆಂಡು ಕೈಬಿಡದ ಆ ಮನುಷ್ಯನಿಗೆ ನನ್ನ ಪಟ್ಟಿಯಲ್ಲಿ ಒಂದು ಮೂಲೆಯಾದರೂ ಇರಲೇಬೇಕು.

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ನಕ್ಷೆ ಒಂದೇ ದಿನದಲ್ಲಿ ಬದಲಾಯಿತು, ಮನಸ್ಸು ಅಷ್ಟು ಜಲ್ದಿ ಬದಲಾಗಲಿಲ್ಲ. ಹೈದರಾಬಾದ್ ಇಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರು, ಬೆಂಗಳೂರು ಅದರ ಎರಡೂವರೆ ಪಟ್ಟು ದೂರ. ಜನರ ನೆಂಟಸ್ತನ, ವ್ಯಾಪಾರ, ಕಾಲೇಜು, ಆಸ್ಪತ್ರೆ ಎಲ್ಲಾ ಅತ್ತ ಕಡೆ. ಮೇಲಾಗಿ ದಕ್ಷಿಣ ವಲಯದಲ್ಲಿ ಮೈಸೂರು ಮತ್ತು ಹೈದರಾಬಾದ್ ಪ್ರತಿ ವರ್ಷ ಎದುರುಬದುರು. ಆ ಪಂದ್ಯದ ದಿನ ನಮ್ಮವರು ಯಾರ ಕಡೆ ಇರಬೇಕಿತ್ತು ಹೇಳಿ? ಒಂದು ಕಡೆ ಜಯಸಿಂಹನ ಏರಿಸಿದ ಕಾಲರು, ಭಾರತದ ನಾಯಕ ಪಟೌಡಿಯೇ ಬಂದು ಅವನ ಕೈಕೆಳಗೆ ಆಡುತ್ತಿದ್ದ ತಂಡ. ಇನ್ನೊಂದು ಕಡೆ "ಮೈಸೂರು" ಅನ್ನುವ, ನಮಗೆ ಅರಮನೆ ಚಿತ್ರದಲ್ಲಿ ಮಾತ್ರ ಗೊತ್ತಿದ್ದ ಹೆಸರು. ಕಾಕಾನ ತಲೆಮಾರು ಉರ್ದು ಕಲಿತ ತಲೆಮಾರು. ಅವರಿಗೆ ಜಯಸಿಂಹನೇ ಹೀರೋ. 1968ರಲ್ಲಿ ಬ್ರಿಸ್ಬೇನಿನಲ್ಲಿ ವಿಮಾನ ಇಳಿದವನೇ ಹೋಗಿ 74 ಮತ್ತು 101 ಹೊಡೆದವನನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಆದರೆ ಜಯಸಿಂಹನ ಕೈಗೆ ನಾಯಕನಾಗಿ ರಣಜಿ ಕಪ್ ಕೊನೆಗೂ ಬರಲಿಲ್ಲ. ಹೈದರಾಬಾದ್ ಎರಡನೇ ಸಲ ಗೆದ್ದದ್ದು 1986-87ರಲ್ಲಿ. ಇದನ್ನು ಹೇಳಿದಾಗ ಕಾಕಾ ಇನ್ನೊಂದು ಬಾಳೆಹಣ್ಣು ಕೊಟ್ಟು ವಿಷಯ ಬದಲಿಸಿದರು.

ಸರಿ, ಈಗ ಆಟಗಾರರಿಗೆ ಬರೋಣ.

ವಿಶ್ವನಾಥ್ ಪರ ವಾದ ಮಾಡುವುದು ಸುಲಭ. ಭದ್ರಾವತಿಯ ಹುಡುಗ, 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ಮೇಲೆ ಮೊದಲ ರಣಜಿ ಪಂದ್ಯ, ಹೊಡೆದದ್ದು 230. ಎರಡು ವರ್ಷದ ಮೇಲೆ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮೋಹನ್ ನಗರದಲ್ಲಿ ಉತ್ತರ ಪ್ರದೇಶದ ಮೇಲೆ 1977-78ರ ಫೈನಲ್ಲಿನಲ್ಲಿ 247. ಇನ್ನು ಅವರ ಸ್ಕ್ವೇರ್ ಕಟ್ ಬಗ್ಗೆ ನಾನು ಬರೆಯೋದಿಲ್ಲ, ಬರೆದವರು ಬೇಕಾದಷ್ಟು ಜನ ಇದ್ದಾರೆ. "ಬ್ಯಾಟಿಂಗ್ ನೋಡಿ ಖುಷಿ ಪಡಬೇಕು ಅಂದ್ರ ವಿಶಿ" ಅನ್ನುವ ಹಿರಿಯರ ಮಾತಿಗೆ ನನ್ನ ತಕರಾರಿಲ್ಲ. ಇರೋ ಒಂದೇ ಸಣ್ಣ ತಕರಾರು: ಆಗಿನ ದಕ್ಷಿಣ ವಲಯದಲ್ಲಿ ಆಂಧ್ರ, ಕೇರಳ ತಂಡಗಳು ಈಗಿನಷ್ಟು ಗಟ್ಟಿ ಇರಲಿಲ್ಲ. ವಲಯದಲ್ಲಿ ಹೊಡೆದ ರನ್ನು, ತೆಗೆದ ವಿಕೆಟ್ಟು, ಎರಡನ್ನೂ ಸ್ವಲ್ಪ ಜರಡಿ ಹಿಡಿದೇ ತೂಗಬೇಕು. ಅದು ಚಂದ್ರಶೇಖರ್‌ಗೂ ಅನ್ವಯ, ಪ್ರಸನ್ನಗೂ ಅನ್ವಯ.

ಚಂದ್ರಶೇಖರ್... ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಸೊರಗಿದ ಬಲಗೈ. ಅದೇ ಕೈಯಿಂದ ಟೆಸ್ಟಿನಲ್ಲಿ 242, ರಣಜಿಯಲ್ಲಿ 437 ವಿಕೆಟ್. ಅವರ ಟೆಸ್ಟ್ ರನ್ನುಗಳು ಒಟ್ಟು 167, ವಿಕೆಟ್ಟಿಗಿಂತ ಕಡಿಮೆ! ಓವಲ್‌ನಲ್ಲಿ 1971ರಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಗೆಲುವು ತಂದದ್ದು ಎಲ್ಲರಿಗೂ ಗೊತ್ತು. ಬರೀ ಅಚ್ಚರಿಯ ಲೆಕ್ಕ ಹಿಡಿದರೆ ಚಂದ್ರನೇ ಮೊದಲು. ಆದರೆ ಚಂದ್ರನಿಗೆ ಯಾವ ತುದಿಯಿಂದ ಯಾವಾಗ ಚೆಂಡು ಕೊಡಬೇಕು ಅಂತ ಗೊತ್ತಿರೋ ಒಬ್ಬ ನಾಯಕ ಬೇಕಿತ್ತು. ಆ ನಾಯಕನ ಹೆಸರೇ ನನ್ನ ಉತ್ತರ.

ಅಲ್ಲಿಗೆ ಬರುವ ಮುಂಚೆ ಬೆಂಗಳೂರಿನಿಂದ ದೂರದ ಇಬ್ಬರನ್ನು ಹೇಳಲೇಬೇಕು. ನಮ್ಮ ಕಡೆ ಈ ವಾದ ಬಂದಾಗ ಊರಿನ ಲೆಕ್ಕವೂ ಬರುತ್ತದೆ, ತಪ್ಪಿಲ್ಲ. ಒಬ್ಬರು ಗದಗದ ಸುನಿಲ್ ಜೋಶಿ. ಹುಡುಗನಾಗಿದ್ದಾಗ ಪ್ರಾಕ್ಟೀಸಿಗೆ ಅಂತ ಗದಗದಿಂದ ಹುಬ್ಬಳ್ಳಿಗೆ ಹೋಗಿ ಬಂದು ಶಾಲೆಗೆ ಹೋಗುತ್ತಿದ್ದವರು. 1995-96ರ ಒಂದೇ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. 1998-99ರಲ್ಲಿ ನಾಯಕರಾಗಿ ಕಪ್. ನೈರೋಬಿಯಲ್ಲಿ 1999ರಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಇಷ್ಟೆಲ್ಲಾ ಇದ್ದೂ ಸಿಕ್ಕಿದ್ದು 15 ಟೆಸ್ಟ್. ಕುಂಬ್ಳೆ ಇದ್ದ ಕಾಲದಲ್ಲಿ ಹುಟ್ಟಿದ್ದೇ ಅವರ ನಸೀಬು.

ಇನ್ನೊಬ್ಬರು ದಾವಣಗೆರೆಯ ವಿನಯ್ ಕುಮಾರ್, ಆಟೋ ಡ್ರೈವರ್ ಮಗ. ಅಂದಹಾಗೆ ಇವರೂ ವಿಶ್ವನಾಥರೂ ಹುಟ್ಟಿದ್ದು ಒಂದೇ ತಾರೀಖು, ಫೆಬ್ರವರಿ 12. ರಣಜಿ ಅಂಕಿ ಅಂಶ ಮಾತ್ರ ಮುಂದಿಟ್ಟರೆ ವಿನಯ್‌ನನ್ನು ಸೋಲಿಸೋದು ಕಷ್ಟ. ಮೈಸೂರಿನಲ್ಲಿ 2010ರ ಜನವರಿಯಲ್ಲಿ ಮುಂಬೈ ಎದುರು ಫೈನಲ್ ಬರೀ 6 ರನ್ನಿಂದ ಸೋತ ತಂಡದಲ್ಲಿ ಇವರೂ ಇದ್ದರು. 2013-14 ಮತ್ತು 2014-15, ಎರಡು ವರ್ಷ ಬೆನ್ನು ಬೆನ್ನಿಗೆ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ ತಂದ ನಾಯಕ. 2015ರ ಸೆಮಿಫೈನಲ್ಲಿನಲ್ಲಿ ಮುಂಬೈಯನ್ನು 44ಕ್ಕೆ ಉದುರಿಸಿದಾಗ 20 ರನ್ನಿಗೆ 6 ವಿಕೆಟ್. ಅದರ ಮುಂದಿನ ಫೈನಲ್ಲಿನಲ್ಲಿ ತಮಿಳುನಾಡಿನ ಮೇಲೆ 5 ವಿಕೆಟ್, ಜೊತೆಗೆ ಔಟಾಗದೆ 105. ಕರುಣ್ ನಾಯರ್ 328 ಹೊಡೆದದ್ದೇ ಎಲ್ಲರ ನೆನಪಲ್ಲಿ ಉಳಿದು ವಿನಯ್ ಹಿಂದಾದರು.

2014ರ ಫೈನಲ್ ನಡೆದದ್ದು ಹೈದರಾಬಾದಿನಲ್ಲಿ, ಎದುರಾಳಿ ಮಹಾರಾಷ್ಟ್ರ. ನಾವು ಮೂವರು ಗೆಳೆಯರು ರೈಲು ಹತ್ತಿ ಹೋಗಿದ್ದೆವು. ನಮ್ಮ ಹಿರಿಯರ ರಾಜಧಾನಿಯಾಗಿದ್ದ ಊರಿನಲ್ಲಿ ಕೂತು ಕರ್ನಾಟಕ, ಕರ್ನಾಟಕ ಅಂತ ಕೂಗಿದ್ದೇನೆ ನಾನು. ಏಳು ವಿಕೆಟ್ಟಿನಿಂದ ಗೆದ್ದೆವು. ಸ್ಟೇಡಿಯಂನ ದೊಡ್ಡ ಭಾಗ ಖಾಲಿಯಿತ್ತು, ನಮ್ಮ ಗಂಟಲು ಮಾತ್ರ ಪೂರ್ತಿ ಹೋಗಿತ್ತು. ಆ ಒಂದು ದಿನಕ್ಕಾಗಿ ವಿನಯ್‌ಗೆ ನನ್ನ ಓಟು ಕೊಡಬೇಕು ಅಂತ ಎಷ್ಟೋ ಸಲ ಅನ್ನಿಸಿದೆ.

ಆದರೂ ನನ್ನ ಓಟು ಎರ್ರಪಲ್ಲಿ ಪ್ರಸನ್ನ ಅವರಿಗೆ.

ಕಾರಣ 1973-74. ಅದಕ್ಕೆ ಮುಂಚೆ ಬಾಂಬೆ 1958-59ರಿಂದ ಸತತ ಹದಿನೈದು ವರ್ಷ ರಣಜಿ ಗೆದ್ದಿತ್ತು. ಯೋಚಿಸಿ, ಹದಿನೈದು ವರ್ಷ! ಶಾಲೆಗೆ ಸೇರಿದ ಹುಡುಗ ಡಿಗ್ರಿ ಮುಗಿಸೋ ತನಕ ಒಂದೇ ತಂಡ. ಮೈಸೂರಿನವರು 1959-60ರ ಫೈನಲ್ಲಿನಲ್ಲೂ ಇದೇ ಬಾಂಬೆಗೆ ಸೋತಿದ್ದರು. 1974ರ ಸೆಮಿಫೈನಲ್ ಬೆಂಗಳೂರಿನಲ್ಲಿ. ನಮ್ಮವರು 385, ಅದರಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಬಾಂಬೆ ಆಟಕ್ಕಿಳಿಯಿತು. ಗಾವಸ್ಕರ್ ಪ್ರಸನ್ನ ಅವರ ಚೆಂಡಿಗೆ ಬೌಲ್ಡ್. ಗಟ್ಟಿಯಾಗಿ ನಿಂತಿದ್ದ ವಾಡೇಕರ್ ರನ್ ಓಡುವಾಗ ಜಾರಿ ಬಿದ್ದು ರನೌಟ್. ಬಾಂಬೆ 307ಕ್ಕೆ ಮುಗಿಯಿತು, ಮೊದಲ ಇನಿಂಗ್ಸಿನ ಮುನ್ನಡೆಯಲ್ಲಿ ಕರ್ನಾಟಕ ಫೈನಲ್ಲಿಗೆ. ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನಿನಿಂದ ಸೋಲಿಸಿ ಮೊದಲ ಕಪ್. ನಾಯಕ ಪ್ರಸನ್ನ. 1977-78ರ ಎರಡನೇ ಕಪ್‌ಗೂ ನಾಯಕ ಪ್ರಸನ್ನ.

"ಹೊಡೆದದ್ದು ವಿಶಿ, ಹೆಸರು ಪ್ರಸನ್ನಂದಾ?" ಅಂತ ಗೆಳೆಯರು ಕೇಳ್ತಾರೆ. ಕೇಳಲಿ. ವಿಶಿ ಇನಿಂಗ್ಸ್ ಇಲ್ಲದೆ ಆ ಪಂದ್ಯ ಇಲ್ಲ, ಒಪ್ಪಿದೆ. ಆದರೆ ಬಾಂಬೆ ಎದುರು 385 ಕಾಪಾಡೋದು ಅಂದರೆ ಗಾವಸ್ಕರ್, ವಾಡೇಕರ್, ಅಶೋಕ್ ಮಂಕಡ್ ಎಲ್ಲರನ್ನೂ ಎತ್ತಬೇಕು. ಅದಕ್ಕೆ ಬೌಲಿಂಗೂ ಬೇಕು, ತಲೆಯೂ ಬೇಕು. ಎರಡೂ ಒಬ್ಬರಲ್ಲೇ ಇತ್ತು. ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು ಇಂಜಿನಿಯರಿಂಗ್ ಓದಿಗಾಗಿ ಸುಮಾರು ಐದು ವರ್ಷ ಟೆಸ್ಟ್ ಆಡದೆ ಉಳಿದು, 1967ರಲ್ಲಿ ವಾಪಸ್ ಬಂದು ಒಟ್ಟು 189 ಟೆಸ್ಟ್ ವಿಕೆಟ್ ತೆಗೆದವರು. ಅವಸರ ಅನ್ನೋದು ಅವರ ಬೌಲಿಂಗಿನಲ್ಲೂ ಇರಲಿಲ್ಲ, ಬದುಕಿನಲ್ಲೂ ಇರಲಿಲ್ಲ.

ಇನ್ನೊಂದು ಕಾರಣ ಇದೆ, ಅದು ಕ್ರಿಕೆಟ್ಟಿನದಲ್ಲ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದ ಹೆಸರು ಕರ್ನಾಟಕ ಆಯಿತು. ಅದೇ ಋತುವಿನಲ್ಲಿ ಮೊದಲ ಕಪ್ ಬಂತು. "ಮೈಸೂರು" ಅಂದರೆ ಯಾರದೋ ಊರು. "ಕರ್ನಾಟಕ" ಅಂದರೆ ಅದರಲ್ಲಿ ಗುಲ್ಬರ್ಗಾ, ಬೀದರ, ರಾಯಚೂರು ಎಲ್ಲಾ ಬಂತು. ನಮ್ಮ ಹೆಸರೂ ಸೇರಿದ್ದ ತಂಡದ ಮೊದಲ ನಾಯಕ, ಮೊದಲ ಕಪ್. ಬೆಂಗಳೂರಿನ ಗೆಳೆಯರು ಸರಾಸರಿ, ಸ್ಟ್ರೈಕ್ ರೇಟು ಅಂತ ಲೆಕ್ಕ ತೆಗೆಯಲಿ, ನನ್ನ ತಕ್ಕಡಿಯಲ್ಲಿ ಈ ಕಲ್ಲು ಇದ್ದೇ ಇರುತ್ತದೆ.

ಪ್ರಸನ್ನ ವಿರುದ್ಧ ಗಟ್ಟಿ ವಾದ ಇದ್ದರೆ ಅದು ಬ್ರಿಜೇಶ್ ಪಟೇಲ್ ಕಡೆಯಿಂದ ಬರಬೇಕು, ಯಾಕೋ ಯಾರೂ ಹೇಳೋದಿಲ್ಲ. ರಣಜಿಯಲ್ಲಿ 7 ಸಾವಿರಕ್ಕೂ ಹೆಚ್ಚು ರನ್, 1974ರ ಆ ಶತಕ, 1982-83ರಲ್ಲಿ ಬಾಂಬೆಯಲ್ಲೇ ಬಾಂಬೆಯನ್ನು ಸೋಲಿಸಿ ಕಪ್ ತಂದ ನಾಯಕ. ಅದಕ್ಕೆ ಹಿಂದಿನ ವರ್ಷವಷ್ಟೇ ದಿಲ್ಲಿಯಲ್ಲಿ 705 ಹೊಡೆದೂ ಫೈನಲ್ ಸೋತಿದ್ದ ತಂಡ ಅದು, ದಿಲ್ಲಿಯವರು 8 ವಿಕೆಟ್ಟಿಗೆ 707 ಹೊಡೆದಿದ್ದರು. ಅಂಥಾ ಸೋಲಿನ ನಂತರ ಎದ್ದು ಬರೋದು ಸಣ್ಣ ಮಾತಲ್ಲ. ಎರಡನೇ ಸ್ಥಾನ ಕೇಳಿದರೆ ವಿಶಿಗೂ ಬ್ರಿಜೇಶರಿಗೂ ನಡುವೆ ನಾನು ಇನ್ನೂ ತೂಗುತ್ತಾ ಇದ್ದೇನೆ.

ಕಾಕಾಗೆ ಈ ಪ್ರಸನ್ನ ವಾದವನ್ನು ಪೂರ್ತಿ ಹೇಳಿದೆ. ಕೇಳಿಸಿಕೊಂಡರು. "ಆಫ್ ಸ್ಪಿನ್ ಅಂದ್ರ ಗುಲಾಂ ಅಹ್ಮದ್" ಅಂದರು. ಗುಲಾಂ ಅಹ್ಮದ್ ಕೂಡ ಹೈದರಾಬಾದಿನವರೇ. 22 ಟೆಸ್ಟ್, 68 ವಿಕೆಟ್.