ಮೊಮ್ಸೆನ್ ಪಂಡಿತನ ನಾಲ್ಕನೆಯ ಸಂಪುಟ

ಜರ್ಮನಿಯ ಥಿಯೊಡೋರ್ ಮೊಮ್ಸೆನ್ ಪಂಡಿತನು ರಚಿಸಿದ ರೋಮಿನ ಇತಿಹಾಸವನ್ನು ಓದಹೊರಟವರಿಗೆ ಒಂದು ವಿಚಿತ್ರವು ಕಾಣುವುದು. ಆ ಗ್ರಂಥದ ಮೊದಲ ಮೂರು ಸಂಪುಟಗಳಿವೆ, ಐದನೆಯದೂ ಇದೆ, ನಾಲ್ಕನೆಯದು ಮಾತ್ರ ಇಲ್ಲ. ಆತನು ಅದನ್ನು ಮುಗಿಸಲೇ ಇಲ್ಲ. ಈ ಕೊರತೆಯ ಹಿಂದೆ ಆ ವಿದ್ವಾಂಸನ ಬಾಳಿನ ಕಥೆಯೇ ಅಡಗಿದೆ.

ಮೊಮ್ಸೆನ್ 1817ರಲ್ಲಿ ಶ್ಲೆಸ್ವಿಗ್ ಸೀಮೆಯ ಗಾರ್ಡಿಂಗ್ ಎಂಬಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಕೀಲ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿ, 1844ರಲ್ಲಿ ಡೆನ್ಮಾರ್ಕ್ ಸರ್ಕಾರದ ವೇತನದಿಂದ ಇಟಲಿಯ ಯಾತ್ರೆಗೆ ಹೊರಟನು. ಅಲ್ಲಿ ಸಾನ್ ಮರೀನೋ ಎಂಬ ಪುಟ್ಟ ರಾಜ್ಯದಲ್ಲಿದ್ದ ಬೊರ್ಗೇಸಿ ಎಂಬ ವೃದ್ಧ ಪಂಡಿತನು ಆತನಿಗೆ ಶಾಸನವಿದ್ಯೆಯಲ್ಲಿ ಗುರುವಾದನು. ಹಿಂದಿನವರ ನಕಲುಗಳನ್ನು ನಂಬಿ ಬರೆಯಬಾರದು, ಕಲ್ಲಿನೆದುರಿಗೆ ನಿಂತು ಅಕ್ಷರಗಳನ್ನು ಕಣ್ಣಾರೆ ಓದಬೇಕು ಎಂಬುದು ಮೊಮ್ಸೆನ್ನನ ವ್ರತವಾಯಿತು.

ಲೈಪ್ಜಿಗ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದಾಗ ಆ ಕಾಲದ ರಾಜಕೀಯ ಚಳವಳಿಯಲ್ಲಿ ಸೇರಿದ ಕಾರಣ 1851ರಲ್ಲಿ ಆತನ ಉದ್ಯೋಗವು ಹೋಯಿತು. ಜೂರಿಕ್, ಬ್ರೆಸ್ಲೌ ನಗರಗಳಲ್ಲಿ ಪಾಠ ಹೇಳುತ್ತಿದ್ದ ಆ ದಿನಗಳಲ್ಲೇ, 1854ರಿಂದ 1856ರ ವರೆಗೆ, ಇತಿಹಾಸದ ಮೂರು ಸಂಪುಟಗಳು ಹೊರಬಿದ್ದವು. ಸೋತ ಹೋರಾಟದ ಬಿಸಿ ಅವುಗಳಲ್ಲಿದೆ. ಪ್ರಾಚೀನ ರೋಮಿನ ಸಭಾಸದರು ನಮ್ಮ ಕಾಲದ ರಾಜಕಾರಣಿಗಳಂತೆ ವಾದಿಸುತ್ತಾರೆ, ಜಗಳವಾಡುತ್ತಾರೆ. ಸೀಸರನ ವಿಜಯದೊಡನೆ ಮೂರನೆಯ ಸಂಪುಟವು ಮುಗಿಯುತ್ತದೆ. ಮುಂದೆ ಚಕ್ರವರ್ತಿಗಳ ಕಥೆ ಬರಬೇಕಾಗಿತ್ತು. ಓದುಗರೆಲ್ಲರೂ ಅದಕ್ಕಾಗಿ ಕಾದರು.

ಮೊಮ್ಸೆನ್ ಆದರೋ ಕಲ್ಲುಗಳ ಕಡೆಗೆ ತಿರುಗಿದನು. ರೋಮ್ ಸಾಮ್ರಾಜ್ಯದ ಲ್ಯಾಟಿನ್ ಶಾಸನಗಳೆಲ್ಲವನ್ನೂ ಒಂದೆಡೆ ಕೂಡಿಸುವ ಮಹಾಕಾರ್ಯವನ್ನು ಬರ್ಲಿನ್ನಿನ ವಿದ್ವತ್ಪರಿಷತ್ತು ಕೈಗೊಂಡಿತ್ತು. ಅದರ ಜೀವಾಳ ಆತನೇ. 1858ರಲ್ಲಿ ಆತನು ಬರ್ಲಿನ್ನಿಗೆ ಬಂದನು. 1863ರಲ್ಲಿ ಮೊದಲ ಸಂಪುಟವು ಪ್ರಕಟವಾಯಿತು. ಹಳೆಯ ಗ್ರಂಥಕಾರರು ಅರಮನೆಯ ಒಳಸಂಚುಗಳನ್ನು ಹೇಳಿದ್ದರು. ಸಿಪಾಯಿಯ ಸಮಾಧಿ, ಊರಿನ ಕಟ್ಟಳೆ, ಸೇತುವೆಯ ಕಂಬ, ಇವು ಹೇಳಿದ್ದು ದೂರದ ಪ್ರಾಂತಗಳ ಸಾಮಾನ್ಯ ಜನರ ಬಾಳನ್ನು. ಆದುದರಿಂದಲೇ 1885ರಲ್ಲಿ ಬಂದ ಐದನೆಯ ಸಂಪುಟದ ವಿಷಯ ಚಕ್ರವರ್ತಿಗಳಲ್ಲ, ಪ್ರಾಂತಗಳು.

ಈ ನಡುವೆ, 1880ರ ಜುಲೈ ತಿಂಗಳ ಒಂದು ರಾತ್ರಿ ಆತನ ಮನೆಗೆ ಬೆಂಕಿ ಬಿದ್ದಿತು. ಸ್ವಂತ ಪುಸ್ತಕಗಳಲ್ಲದೆ, ಪರರ ಭಂಡಾರಗಳಿಂದ ಎರವಲು ತಂದಿದ್ದ ಪ್ರಾಚೀನ ಹಸ್ತಪ್ರತಿಗಳೂ ಸುಟ್ಟುಹೋದವು. ಅರುವತ್ತೆರಡು ವರ್ಷದ ಆ ಪಂಡಿತನು ಮತ್ತೆ ಕೆಲಸಕ್ಕೆ ಕುಳಿತನು. ಅದೇ ವರ್ಷ, ಯೆಹೂದ್ಯರ ಮೇಲೆ ದ್ವೇಷವನ್ನು ಹರಡಿದ ಸಹೋದ್ಯೋಗಿ ಟ್ರೈಟ್ಷ್ಕೆಯನ್ನು ಬಹಿರಂಗವಾಗಿ ಖಂಡಿಸಿದನು. ಬಿಸ್ಮಾರ್ಕನ ನೀತಿಯನ್ನು ಟೀಕಿಸಿ ನ್ಯಾಯಸ್ಥಾನವನ್ನೂ ಕಂಡು, ನಿರ್ದೋಷಿಯೆಂದು ಬಿಡುಗಡೆ ಹೊಂದಿದನು.

1902ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನವು ಸಂದಿತು. ಅದರ ಆಧಾರವಾಗಿ ಹೆಸರಿಸಲ್ಪಟ್ಟದ್ದು ಆ ಅಪೂರ್ಣವಾದ ಇತಿಹಾಸವೇ. ಮರುವರ್ಷ ಮೊಮ್ಸೆನ್ ತೀರಿಕೊಂಡನು. ಆದರೆ ಆತನು ತರಗತಿಯಲ್ಲಿ ಚಕ್ರವರ್ತಿಗಳ ಕಥೆಯನ್ನು ಹೇಳಿದ್ದನು. ಹೆನ್ಸೆಲ್ ಎಂಬ ತಂದೆಮಕ್ಕಳು ಬರೆದುಕೊಂಡಿದ್ದ ಟಿಪ್ಪಣಿಗಳು 1980ರಲ್ಲಿ ನ್ಯೂರೆಂಬರ್ಗಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ದೊರೆತು, 1992ರಲ್ಲಿ ಅಚ್ಚಾದವು. ಅದೂ ನಾಲ್ಕನೆಯ ಸಂಪುಟವಲ್ಲ. ಗುರುವಿನ ದನಿಯ ಪ್ರತಿಧ್ವನಿ ಮಾತ್ರ. ಸೊಗಸಾಗಿ ಹೇಳಬಲ್ಲವನು ಸಾಕ್ಷ್ಯಕ್ಕಾಗಿ ಹೇಳುವುದನ್ನೇ ತಡೆಹಿಡಿದನೆಂದರೆ, ಆ ಬರಿದಾದ ಸ್ಥಳಕ್ಕೂ ಆತನ ಗ್ರಂಥಗಳ ಸಾಲಿನಲ್ಲಿ ಒಂದು ಗೌರವವುಂಟು.